ಕ್ಲಾರಿಯ ಹೊಟ್ಟೆಯ ಗೋಧಿ

…ಅಲ್ಲಿಡಬೇಡ. ಬೀಗದಕೈ ಅಲ್ಲಿಡಬೇಡ ಟೆಗನ್, ವಾಪಸ್ ಜೇಬಿಗೆ ಹಾಕ್ಕೊ. ಆಂಬುಲೆನ್ಸಿನ ಬೀಗದಕೈ ಕಣಮ್ಮ ಅದು. ಬೇಜಾರಾಯ್ತು ಅಂತ ಮೇಜಿನ ಮೇಲೆ ಎಸೆದು ಹೋಗೋಕೆ ನಿಮ್ಮ ಬೇಕರೀದು ಅಂದ್ಕೊಂಡ್ಯಾ? ಮೊದ್ಲು ಕೂತ್ಕೊ. ಆ ಕುರ್ಚೀಲಲ್ಲ, ಅಲ್ಲಿ ಕ್ಲಾರಿ ಕೂತಿದಾನೆ. ಬೆಳಿಗ್ಗೆ ಶೆಡ್ಡು ಗುಡಿಸೋಣ ಅಂತ ಬಂದೆ, ಮೂಲೇಲಿ ಅಂಗಾತ ಬಿದ್ದಿದ್ದ, ಎತ್ತಿ ಕೂರಿಸ್ದೆ. ಭಾನುವಾರ ಅಲ್ವಾ, ಇವತ್ತೊಂದಿನ ತರಬೇತಿ ಗೊಂಬೇನೂ ಮನುಷ್ಯರ ಥರ ಕೂರ್ಲಿ ಅಂತ… ನಗು ಬರ್ಲಿಲ್ವಾ? ಹೋಗ್ಲಿ ಬಿಡು.

ಈ ಪೆಟ್ಟಿಗೆ ಮೇಲೆ ಕೂತ್ಕೊ. ಹುಷಾರು, ಬಲಗೈ ಊರಬೇಡ. ಮಣಿಕಟ್ಟು ಇನ್ನೂ ಊದಿದ್ಯಾ? ಪಟ್ಟಿ ಯಾರು ಸುತ್ತಿದ್ದು, ಡಲ್ಸೀನಾ? ನೋಡಿದ್ರೇ ಗೊತ್ತಾಗತ್ತೆ, ಪಾರ್ಸೆಲ್ ಕಟ್ಟಿದ ಹಾಗೆ ಕಟ್ಟಿದಾಳೆ. ಮೂವತ್ತು ವರ್ಷ ಪೋಸ್ಟಾಫೀಸಲ್ಲಿ ಕೂತೋಳು, ಇನ್ನೇನು ಮಾಡ್ತಾಳೆ. ಆಂಬುಲೆನ್ಸ್ ಮೂತಿಗೆ ಕ್ರಿಸ್‌ಮಸ್ ಜರಿ ಕಟ್ಟಿದಾಳಲ್ಲ, ಅದೂ ಅವಳದೇ ಕೆಲಸ. ಪಾರ್ಸೆಲ್ ಥರಾನೇ ಇದೆ.

ಟೀ ಹಾಕ್ತೀನಿ ಇರು. ನಮ್ಮನೆಯೋಳು ಬೆರಿಲ್ ಫ್ಲಾಸ್ಕಲ್ಲಿ ತುಂಬಿಸಿಟ್ಟು ನಿನ್ನೇನೇ ಅಡಿಲೇಡಿಗೆ… ಅಲ್ಲ, ಟೀ ನಾನೇ ಮಾಡಿದ್ದು. ಸ್ಕೋನ್ ಬನ್ನು ಅವಳು ಮಾಡಿಟ್ಟು ಹೋಗಿದಾಳೆ, ತಂಗಿ ಮನೆಗೆ. ನಿನ್ನೆ ಮಧ್ಯಾಹ್ನದ ಬಸ್ಸಿಗೆ ಹೋದ್ಲು. ಹೋಗೋ ಮುಂಚೆ ಹತ್ತು ಸಲ ಹೇಳಿದಾಳೆ, 'ಟೆಗನ್‌ಗೆ ಏನಾದ್ರೂ ತಿನ್ಸು ಡೆಸ್, ಆ ಹುಡುಗಿ ಮೂರು ವಾರದಿಂದ ಕಡ್ಡಿ ಆಗೋಗಿದಾಳೆ' ಅಂತ. ಬೇಕರಿಯೋಳಿಗೆ ನಮ್ಮನೆ ಸ್ಕೋನ್ ಕೊಡೋಕೆ ನಂಗೇ ನಾಚಿಕೆ. ಆದ್ರೂ ಒಂದು ತಗೋ.

ಬೇಡ್ವಾ? ಸರಿ. ಇಲ್ಲೇ ಇಟ್ಟಿರ್ತೀನಿ.

ಕಾಗದ ತಂದಿದೀಯ, ಗೊತ್ತು. ಈ ಊರಲ್ಲಿ ಯಾವ ಕಾಗದಾನೂ ಡಲ್ಸಿ ಕಣ್ಣು ತಪ್ಪಿಸಿ ಓಡಾಡಲ್ಲ. ರಾತ್ರಿ ಫೋನ್ ಮಾಡಿದ್ಲು. 'ಟೆಗನ್ ಬಿಡ್ತಿದಾಳೆ, ತಂಡಕ್ಕೆ ದೊಡ್ಡೋನು ನೀನು, ನೀನು ಸಹಿ ಹಾಕಿದ್ರೆ ಅಲ್ಲಿಗೆ ಮುಗೀತು' ಅಂದ್ಲು. ಕೊಡು ಇಲ್ಲಿ. ಕನ್ನಡಕ… ಹಾಂ, ತಲೆ ಮೇಲೇ ಇದೆ. 'ನವೆಂಬರ್ ಇಪ್ಪತ್ತೇಳು, ಗುರುವಾರ, ಗೋಧಿ ತುಂಬಿಡುವ ಸೈಲೋ ಅಂಗಳದಲ್ಲಿ ರೋಗಿ ನೆವಿಲ್ ಪಾಸ್ಕೋ ಅವರನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಸ್ಟ್ರೆಚರಿನ ಕಾಲ ತುದಿಯ ಭಾರವನ್ನು ತಡೆಯುವ ಶಕ್ತಿ ನನಗೆ ಇರಲಿಲ್ಲ. ಅದು ಬಿದ್ದದ್ದು ನನ್ನ ಕೈಯಿಂದ. ಅವರ ಸೊಂಟದ ಮೂಳೆ ಮುರಿದದ್ದು ನನ್ನಿಂದ. ಈ ಕೆಲಸಕ್ಕೆ ನಾನು ತಕ್ಕವಳಲ್ಲ, ಇನ್ನು ಮುಂದೆ…'

ಇನ್ನು ಮುಂದೆ ಓದಲ್ಲ. ಸಾಕು.

ಇದಕ್ಕೆ ನಾನು ಸಹಿ ಹಾಕಲ್ಲ. ಇಲ್ಲ, ಹಾಕಲ್ಲ ಅಂದ್ರೆ ಹಾಕಲ್ಲ! ಯಾಕೆ ಹಾಗೆ ನೋಡ್ತೀಯ? ಇದು ನಿಜ ಅಲ್ಲ, ಅದಕ್ಕೆ. ಹ್ಯಾಗೆ ನಿಜ ಅಲ್ಲ ಅಂದ್ರೆ… ಆ ಜಲ್ಲಿ ಕಣಮ್ಮ! ಸೈಲೋ ಅಂಗಳದ ತುಂಬ ಜಲ್ಲಿ, ಒಂದೊಂದು ಕಲ್ಲು ಮೊಟ್ಟೆ ಗಾತ್ರ. ಅಂಥ ಕಡೆ ಎಂಥೋರ ಕಾಲೂ ಜಾರತ್ತೆ.

ಏನು, ತಲೆ ಯಾಕೆ ಅಲ್ಲಾಡಿಸ್ತೀಯ?

ಹೌದು. ಗಾಡಿ ನಿಂತಿದ್ದು ಕಾಂಕ್ರೀಟ್ ಮೇಲೆ. ಹೌದು, ಲಾರಿ ತೂಗೋ ಜಾಗದ ಕಾಂಕ್ರೀಟು. ನಾನೇ ಹಿಂದೆ ತಂದು ನಿಲ್ಸಿದ್ದು. ಆದ್ರೆ ಬಿಸಿಲು? ನಲವತ್ತೊಂದು ಡಿಗ್ರಿ ಇತ್ತು, ಹಿಡಿ ಕೆಂಡ ಆಗಿತ್ತು, ಅಂಗೈ ಎಲ್ಲ ಬೆವರು… ಕೈಗವಸು ಹಾಕಿದ್ಯಾ. ಸರಿ. ನೀನು ಕೈಗವಸು ಹಾಕದೇ ಇರೋ ದಿನ ಯಾವ್ದು? ನಾನು ಹೇಳಿಕೊಟ್ಟಿದ್ದನ್ನೆಲ್ಲ ಅಕ್ಷರ ಬಿಡದೆ ಮಾಡೋಳು ನೀನೊಬ್ಳೇ. ಅದೇ ಕಣಮ್ಮ, ಅದೇ ನಂಗೆ…

ಏನಿಲ್ಲ. ಟೀ ಕುಡಿ, ಆರತ್ತೆ.

ನೀನು ಮೊದಲ್ನೇ ಸಲ ಈ ಶೆಡ್ಡಿಗೆ ಬಂದಿದ್ದು ನೆನಪಿದ್ಯಾ? ಕೂದಲಿಗೆಲ್ಲ ಹಿಟ್ಟು ಮೆತ್ಕೊಂಡು, ಏಪ್ರನ್ನೂ ಬಿಚ್ಚದೆ ಬಂದು ಬಾಗಿಲಲ್ಲಿ ನಿಂತು, 'ಸ್ವಯಂಸೇವಕರು ಬೇಕು ಅಂತ ಬೋರ್ಡ್ ನೋಡ್ದೆ' ಅಂದೆ. ಐದಡಿ ಒಂದಿಂಚು. ನಾನು ಡಲ್ಸಿ ಮುಖ ನೋಡ್ದೆ, ಡಲ್ಸಿ ನನ್ನ ಮುಖ ನೋಡಿದ್ಲು. ನೀನು ಇಬ್ಬರ ಮುಖಾನೂ ನೋಡಿ, 'ದಿನಾ ಇಪ್ಪತ್ತೈದು ಕಿಲೋ ಹಿಟ್ಟಿನ ಚೀಲ ಎಂಟು ಎತ್ತೀನಿ, ನೀವೆಷ್ಟು ಎತ್ತೀರ ತಾತ?' ಅಂತ ಕೇಳ್ದೆ. ತಾತ ಅಂತೆ! ಅರವತ್ತೆರಡಕ್ಕೇ ತಾತ! ಆವತ್ತೇ ಅಂದ್ಕೊಂಡೆ, ಇವಳು ನಿಲ್ತಾಳೆ ಅಂತ.

ನಕ್ಕೆ ನೋಡು. ನಕ್ಕೆ. ಒಂಚೂರು.

ಎಷ್ಟು ಚೆನ್ನಾಗಿ ಕಲ್ತೆ ನೀನು! ಕಲಿಸೋಕೆ ಬಂದೋನಿಗೆ ಅಂಥ ಶಿಷ್ಯೆ ಸಿಗೋದು ಪುಣ್ಯ. ಸ್ಟ್ರೆಚರಿಗೆ ಯಾವಾಗ್ಲೂ ಇಬ್ರು, ತಲೆ ಹತ್ರ ಒಬ್ರು, ಕಾಲ ಹತ್ರ ಒಬ್ರು. ರೋಗಿ ಮೇಲಿದ್ದಾಗ ಹಿಡಿಯಿಂದ ಕೈ ತೆಗಿಯೋ ಹಾಗಿಲ್ಲ, ಮೂಗು ಕೆರಿಯೋಕೂ ತೆಗಿಯೋ ಹಾಗಿಲ್ಲ. ಹಳ್ಳದಿಣ್ಣೆ ಇದ್ರೆ ಸ್ಟ್ರೆಚರ್ ತಗ್ಗಲ್ಲೇ ಇರ್ಬೇಕು, ಎತ್ತರ ಆದಷ್ಟೂ ಮಗುಚೋದು ಸುಲಭ. ಬೆಲ್ಟು ಎಲ್ಲಾನೂ ಹಾಕ್ಬೇಕು, ಭುಜದ್ದೂ ಹಾಕ್ಬೇಕು. ಎತ್ತೋದು ಸೊಂಟದಲ್ಲಲ್ಲ, ತೊಡೇಲಿ. ಮೊದ್ಲು ಭಾರ ಪೂರ್ತಿ ಕೈಗೆ ತಗೋ, ಆಮೇಲೆ ಹಿಡಿ ಒತ್ತು, ಆಮೇಲೆ ಸ್ಟ್ರೆಚರಿನ ಕಾಲು ಮಡಚ್ಕೊಳತ್ತೆ. ಉಲ್ಟಾ ಮಾಡಿದ್ರೆ ಕೆಳಗಿನ ಕಾಲು ಹೋಗಿರತ್ತೆ, ಭಾರ ಮಾತ್ರ ಗಾಳೀಲಿ ನೇತಾಡ್ತಿರತ್ತೆ. ಇದನ್ನೆಲ್ಲ ನೀನು ಬ್ರೆಡ್ ನಾದುವಾಗ ಹಾಡಿನ ಥರ ಹೇಳ್ಕೊತಿದ್ಯಂತೆ, ನಿಮ್ಮ ಬೇಕರಿ ಯಜಮಾನ ಹೇಳಿದ.

ಆಮೇಲೆ ಪರೀಕ್ಷೆ ದಿನ. ಆಂಬುಲೆನ್ಸ್ ವಿಭಾಗದ ಆಫೀಸಿಂದ ಒಬ್ಬ ಬಂದಿದ್ದ, ಕೈಯಲ್ಲಿ ಹಲಗೆ, ಹಲಗೆಗೆ ಕಾಗದ ಸಿಕ್ಕಿಸ್ಕೊಂಡು. ಅವನ ಕಣ್ಣೆದುರಿಗೆ ಕ್ಲಾರಿನ ಸ್ಟ್ರೆಚರ್ ಮೇಲೆ ಮಲಗಿಸಿ, ಬೆಲ್ಟ್ ಬಿಗಿದು, ಕಾಲ ತುದೀಲಿ ನಿಂತು, ಉಸಿರು ತಗೊಂಡು ಎತ್ತಿದೆ ನೋಡು… ಒಂದೇ ಏಟಿಗೆ! ಕುರಿಮರಿ ಎತ್ತಿದ ಹಾಗೆ! ಎಲ್ರೂ ಚಪ್ಪಾಳೆ ಹೊಡೆದ್ರು. ಹಲಗೆಯೋನು ಏನೋ ಬರ್ಕೊಂಡ. ನೀನು ನನ್ನ ಹತ್ರ ಓಡಿಬಂದು, 'ತೊಂಬತ್ತು ಕಿಲೋ ಡೆಸ್, ತೊಂಬತ್ತು ಕಿಲೋ!' ಅಂತ ಕುಣಿದೆ. ನಾನು ಹೆಗಲು ತಟ್ಟಿ 'ಭೇಷ್' ಅಂದೆ.

ಭೇಷ್ ಅಂದೆ ನಾನು.

…ಎಲ್ಲಿದ್ದೆ? ಹಾಂ. ಅಂಥೋಳು ನೀನು 'ಶಕ್ತಿ ಇರಲಿಲ್ಲ' ಅಂತ ಕಾಗದ ಬರ್ಕೊಂಡು ಬರ್ತೀಯಲ್ಲ, ಯಾರಾದ್ರೂ ಒಪ್ತಾರಾ? ನೀನು ಹೋದ್ರೆ ನಾವು ನಾಲ್ಕೇ ಜನ ಉಳಿಯೋದು. ಐದಕ್ಕಿಂತ ಕಮ್ಮಿ ಆದ್ರೆ ಗಾಡೀನೇ ಇಲ್ಲಿಂದ ತಗೊಂಡ್ಹೋಗಿ ವಿಲ್ಗಾರಾದಲ್ಲಿ ನಿಲ್ಲಿಸ್ತಾರೆ. ಎಪ್ಪತ್ತೆಂಟು ಕಿಲೋಮೀಟರ್. ಆಮೇಲೆ ಈ ಊರಲ್ಲಿ ಯಾರಿಗಾದ್ರೂ ಎದೆನೋವು ಬಂದ್ರೆ ಎಪ್ಪತ್ತೆಂಟು ಕಿಲೋಮೀಟರ್ ಕಾಯ್ಬೇಕು. ನೆವಿಲ್ ಆವತ್ತು ಅಷ್ಟು ಹೊತ್ತು ಕಾದಿದ್ರೆ? ಅವನ ಎದೆ ಉಳಿಸಿದ್ದು ನೀನು. ಆರೇ ನಿಮಿಷದಲ್ಲಿ ಹೋಗಿ, ಮಾತ್ರೆ ಅಗಿಯೋಕೆ ಕೊಟ್ಟು, ಎದೆಗೆ ತಂತಿ ಅಂಟಿಸಿ, 'ನೆವಿಲ್, ಈ ಸಲ ಬೆಳೆ ಹ್ಯಾಗಿದೆ?' ಅಂತ ಅವನನ್ನ ಮಾತಾಡಿಸ್ತಾ… ಡಾಕ್ಟ್ರೇ ಹೇಳಿದಾರೆ, ಎದೆ ಉಳೀತು ಅಂತ.

ಸೊಂಟ ಮುರೀತು. ಹೌದು. ಮುರೀತು. ನಾನೇನು ಇಲ್ಲ ಅಂದ್ನಾ?

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ, ನೋಡ್ಕೊಂಡು ಬರೋಣ ಅಂತ. ಮಲಗಿದ್ದ. ಸುಗ್ಗಿ ಅರ್ಧಕ್ಕೇ ಬಿಟ್ಟು ಬಂದಿದೀನಿ ಅಂತ ಒಂದೇ ಗೋಳು. ಸುಗ್ಗಿಯೇನು, ಬಿತ್ತನೆಗೂ ಎದ್ದು ಓಡಾಡ್ತಾನೋ ಇಲ್ವೋ. ನಿನ್ನ ಕೇಳಿದ. 'ಆ ಪುಟ್ಟ ಹುಡುಗಿ ಕೈ ಹ್ಯಾಗಿದೆ?' ಅಂತ ಕೇಳಿದ, ನಿಜವಾಗ್ಲೂ. ಅವನ ಸೊಂಟಕ್ಕೆ ಕಬ್ಬಿಣ ಹಾಕಿದಾರೆ, ಅವನು ನಿನ್ನ ಕೈ ವಿಚಾರಿಸ್ತಾನೆ. ನಂಗೆ ಅಲ್ಲಿ ಕೂರೋಕಾಗ್ಲಿಲ್ಲ ಟೆಗನ್. ದ್ರಾಕ್ಷಿ ಇಟ್ಟು ಎದ್ದು ಬಂದೆ.

ಅಳಬೇಡಮ್ಮ. ಅಳಬೇಡ. ನಿನ್ನ ತಪ್ಪಲ್ಲ ಅಂತ ಹೇಳ್ತಿದೀನಲ್ಲ! ಯಾರ ತಪ್ಪು ಅಂತ ಕೇಳ್ಬೇಡ, ನಿನ್ನದಲ್ಲ. ಅಷ್ಟು ಸಾಲ್ದಾ?

ಒಂದು ತಮಾಷೆ ಹೇಳ್ತೀನಿ ಇರು. ಇಲಿ ಕಥೆ ನಿಂಗೆ ಹೇಳಿದೀನಾ? ನೀನು ಸೇರೋಕೆ ಒಂದು ವರ್ಷ ಮುಂಚೆ. ಇಲಿ ಹಾವಳಿ. ನೀನು ಆಗ ಈ ಊರಿಗೆ ಬಂದಿರ್ಲಿಲ್ಲ, ಅದೃಷ್ಟವಂತೆ! ನೆಲ ಹರೀತಿತ್ತು ಕಣೆ, ನೆಲ! ಗೋಡೆ ಒಳಗೆ ಇಲಿ, ಒಲೆ ಒಳಗೆ ಇಲಿ, ಬೆರಿಲ್ ಮಂಚದ ಕಾಲಿಗೆಲ್ಲ ನೀರಿನ ಡಬ್ಬ ಇಟ್ಟಿದ್ಲು. ಒಂದಿನ ಹೀಗೇ ಶೆಡ್ಡಿಗೆ ಬರ್ತೀನಿ, ಕ್ಲಾರಿ ನೆಲದ ಮೇಲೆ ಮಲಗಿದಾನೆ, ಅವನ ಎದೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡ್ತಿದೆ! ಉಸಿರಾಡ್ತಿದಾನೆ! ಉಣ್ಣೆ ಚೀಲ ಹರಿದು ನಾನೇ ಹೊಲಿದ ಗೊಂಬೆ, ಫುಟ್ಬಾಲ್ ಕ್ಲಬ್ಬಿನ ಹಳೇ ಅಂಗಿ ತೊಡಿಸಿ, ಹದಿನಾರು ವರ್ಷದಿಂದ ಸತ್ತೋನ ಥರ ಬಿದ್ದಿರೋನು, ಉಸಿರಾಡ್ತಿದಾನೆ! ನಾನು ಅರ್ಧ ನಿಮಿಷ ಬಾಯ್ಬಿಟ್ಕೊಂಡು ನಿಂತಿದ್ದೆ. ನಾಡಿ ನೋಡೋಕೆ ಹೋಗ್ಲಿಲ್ಲ ಅಷ್ಟೇ ಪುಣ್ಯ. ಹೊಲಿಗೆ ಬಿಚ್ಚಿದ್ರೆ ಒಳಗೆ ಇಲಿ ಸಂಸಾರ! ತೊಂಬತ್ತು ಕಿಲೋ ಗೋಧಿ ತುಂಬಿಸಿದ್ವಲ್ಲ, ಅರ್ಧಕ್ಕರ್ಧ ತಿಂದು ಉಳಿದಿದ್ದನ್ನ ಪುಡಿ ಮಾಡಿ, ಮರಿ ಹಾಕಿ… ಥೂ, ಆ ವಾಸನೆ!

ಎಲ್ಲ ತೆಗೆದು ಸುರಿದೆ. ಚೀಲ ತೊಳೆದೆ, ಬಿಸಿಲಿಗೆ ಹಾಕ್ದೆ. ಆಮೇಲೆ ಮತ್ತೆ ತುಂಬಿಸಿ ಹೊಲ್ದೆ.

ಏನು, 'ಏನು ತುಂಬಿಸ್ದೆ' ಅಂದ್ರೆ? ಅವನಿಗೆ ಏನು ತುಂಬಿಸ್ತಾರೋ ಅದೇ. ಗೋಧಿ. ಇನ್ನೇನು ತುಂಬಿಸ್ತಾರೆ ಈ ಊರಲ್ಲಿ? ಮೊದಲಿಂದ್ಲೂ ಗೋಧೀನೇ. ಅದಕ್ಕೇ ಅಲ್ವಾ ಆ ವರ್ಷದ ಪರೀಕ್ಷೇಲಿ ಡಲ್ಸಿ ಎತ್ತಿ, 'ಇಲಿ ಕಚ್ಚಿದ್ಮೇಲೆ ಕ್ಲಾರಿ ಸೊರಗಿದಾನೆ ಪಾಪ' ಅಂದಿದ್ದು. ನಾವೆಲ್ಲ ಬಿದ್ದು ಬಿದ್ದು ನಕ್ವಿ. 'ಅವನು ಸೊರಗಿಲ್ಲ, ನಿನ್ನ ತೋಳು ದಪ್ಪ ಆಗಿದೆ' ಅಂದೆ ನಾನು. ಅವಳಿಗೆ ಖುಷಿಯಾಯ್ತು. ಹಗುರ ಆಯ್ತು ಅಂತ ಯಾರು ದೂರು ಕೊಡ್ತಾರೆ ಹೇಳು. ಅವರೆಲ್ಲ ಹದಿನಾರು ವರ್ಷ ಹಳೇ ಕ್ಲಾರಿನ ಎತ್ತಿದೋರು, ನಿಜವಾದ ಭಾರ ಹ್ಯಾಗಿರತ್ತೆ ಅಂತ ಅವರ ಮೈಗೆ ಗೊತ್ತು…

ನೀನ್ಯಾಕೆ ನಗಲಿಲ್ಲ? ಇಲಿ ಕಥೆಗೆ ಎಲ್ರೂ ನಗ್ತಾರೆ.

ಸರಿ. ಸರಿ ಕಣಮ್ಮ. ಹೇಳ್ತೀನಿ. ಬೇಡ, ಎದ್ದೇಳಬೇಡ, ಹೇಳ್ತೀನಿ ಅಂದ್ನಲ್ಲ. ಮೂರು ವಾರದಿಂದ ನಂಗೂ ಊಟ ಸೇರ್ತಿಲ್ಲ. ಇದನ್ನ ಬೆರಿಲ್‌ಗೂ ಹೇಳಿಲ್ಲ ನಾನು.

ಆವತ್ತು ಏನಾಯ್ತು ಅಂತ ನೀನು ಬರೆದಿದೀಯಲ್ಲ, ಅದ್ರಲ್ಲಿ ನಾನೇ ಇಲ್ಲ. ನಾನೆಲ್ಲಿದ್ದೆ? ಹೇಳು. ಸ್ಟ್ರೆಚರಿನ ಮುಂದಿನ ಚಕ್ರ ಗಾಡಿ ಒಳಗೆ ಕೂತ್ವು. ನೀನು ಕಾಲ ತುದೀಲಿ. ನೆವಿಲ್ ನೂರ ಹನ್ನೆರಡು ಕಿಲೋ. ಅಷ್ಟು ದಪ್ಪದೋರಿಗೆ ಕಾಲ ತುದೀಲಿ ಇಬ್ರು ಎತ್ತಬೇಕು, ಭುಜಕ್ಕೆ ಭುಜ ತಾಗಿಸಿ ಎತ್ತಬೇಕು, ಇದು ನಾನೇ ಕಲಿಸಿದ ಪಾಠ. ನಾನೆಲ್ಲಿ ನಿಂತಿದ್ದೆ? ಪಕ್ಕದಲ್ಲಿ. ಸ್ಟ್ರೆಚರಿನ ಕಂಬಿ ಮೇಲೆ ಕೈ ಇಟ್ಕೊಂಡು, ಮದುವೆ ಫೋಟೋಗೆ ನಿಂತ ಹಾಗೆ.

ಸೈಲೋದೋರು ಆರು ಜನ ಅಲ್ಲೇ ಇದ್ರು. ಒಬ್ಬ ಬಂದು ಕೇಳ್ದ, 'ಡೆಸ್, ಕೈ ಹಾಕ್ಲಾ?' ಅಂತ. ಬೇಡ ಅಂದೆ ನಾನು! 'ಬೇಡಪ್ಪ, ನಮ್ಮ ಹುಡುಗಿ ತರಬೇತಾದೋಳು' ಅಂದೆ. ಅವನು ಬಂದು ನಿನ್ನ ಪಕ್ಕ ನಿಂತಿದ್ರೆ ಎಲ್ರೂ ಕೇಳ್ತಿದ್ರಲ್ಲ, ಡೆಸ್ ಯಾಕೆ ನಿಂತಿಲ್ಲ ಅಂತ.

ಎತ್ತೋ ಮುಂಚೆ ನೀನು ನನ್ನ ಮುಖ ನೋಡ್ದೆ. ನೆನಪಿದ್ಯಾ? ಹಿಡಿ ಹಿಡ್ಕೊಂಡು, ಎತ್ತಲಾ ಬೇಡ್ವಾ ಅನ್ನೋ ಹಾಗೆ ನೋಡ್ದೆ. ಜೊತೆಗಾರ ಹಾಗೆ ನೋಡಿದ್ರೆ ಅಲ್ಲೇ ನಿಲ್ಲಿಸಿಬಿಡಿ, ಎತ್ತಬೇಡಿ, ಇನ್ನೊಬ್ಬರನ್ನ ಕರೀರಿ, ಅದಕ್ಕೆ ಯಾರೂ ನಾಚ್ಕೋಬಾರ್ದು, ಅಂತ ಬೋರ್ಡ್ ಮೇಲೆ ಬರೆದು ಪಾಠ ಮಾಡಿದೋನು ನಾನು. ಏನಂದೆ ನಾನು ಆವತ್ತು? 'ಎತ್ತು ಪುಟ್ಟಿ, ಕ್ಲಾರಿ ಥರಾನೇ' ಅಂದೆ.

ಕ್ಲಾರಿ ಥರಾನೇ ಅಂದೆ.

ನೀನು ಎತ್ತಿದೆ. ಹಿಡಿ ಒತ್ತಿದೆ. ಕಾಲು ಮಡಚ್ಕೊಂಡ್ವು. ಆಮೇಲೆ ನಿನ್ನ ಮುಖ… ಆ ಮುಖ ನಾನು ಸಾಯೋ ತನಕ ಮರಿಯಲ್ಲ ಟೆಗನ್. ನೋವಲ್ಲ ಅದು, ಹೆದರಿಕೇನೂ ಅಲ್ಲ. ಆಶ್ಚರ್ಯ. 'ಇದೇನಿದು, ಇಷ್ಟು ಭಾರ ಎಲ್ಲಿಂದ ಬಂತು' ಅನ್ನೋ ಹಾಗೆ. ನೀನು ಕೈ ಬಿಡಲಿಲ್ಲ, ಮಣಿಕಟ್ಟು ತಿರುಚಿದ್ರೂ ಬಿಡಲಿಲ್ಲ, ಜೊತೇಲೇ ಬಿದ್ದೆ. ನಾನು ಬಿಟ್ಟೆ. ಕಂಬಿ ಮೇಲಿದ್ದ ಕೈನ ನಾನೇ ಮೊದ್ಲು ತೆಗೆದೆ.

ಯಾಕೆ ಅಂದ್ರೆ ನಂಗೆ ಎತ್ತೋಕಾಗಲ್ಲ. ಬೆನ್ನು ಹೋಗಿದೆ. ಎಷ್ಟು ವರ್ಷ ಬಗ್ಗಿ ಕುರಿ ಉಣ್ಣೆ ಕತ್ತರಿಸಿದೀನಿ ಗೊತ್ತಾ, ದಿನಕ್ಕೆ ನೂರೆಂಬತ್ತು ಕುರಿ, ಇಪ್ಪತ್ತೊಂಬತ್ತು ವರ್ಷ. ಕೆಳಗಿನ ಮೂರು ಬಿಲ್ಲೆ ಸವೆದು ಹೋಗಿವೆ. ಡಾಕ್ಟ್ರು ಫೋಟೋ ತೋರಿಸಿ, 'ಹತ್ತು ಕಿಲೋ ಮೇಲೆ ಏನೂ ಎತ್ತಬೇಡ, ಆಂಬುಲೆನ್ಸ್ ಕೆಲಸ ಬಿಟ್ಟುಬಿಡು' ಅಂದಿದ್ರು. ಯಾವಾಗ? ಮೂರು ವರ್ಷ ಆಯ್ತು. ಇಲಿ ವರ್ಷಾನೇ. ಆಗ ನಾವು ಐದೇ ಜನ ಇದ್ವಿ ಕಣಮ್ಮ. ನಾನು ಬಿಟ್ರೆ ಗಾಡಿ ಹೋಗೋದು. ಅದಕ್ಕೇ ಯಾರಿಗೂ ಹೇಳ್ಲಿಲ್ಲ… ಅಲ್ಲ, ಅದಕ್ಕೇ ಅಂತ ಹೇಳ್ಕೊತಿದ್ದೆ. ನೀನು ಬಂದ್ಮೇಲೆ ಆರು ಜನ ಆದ್ವಿ, ಆಗ ಬಿಡಬಹುದಿತ್ತು. ಬಿಡ್ಲಿಲ್ಲ. ಹೋದ ವರ್ಷ ಒಬ್ಬ ಊರು ಬಿಟ್ಟ, ಮತ್ತೆ ಐದಾಯ್ತು, ನಂಗೆ ಒಳ್ಳೇ ನೆಪ ಸಿಕ್ತು. ನಾಚಿಕೆ ಟೆಗನ್, ಬೇರೇನೂ ಅಲ್ಲ. ಪಬ್ಬಲ್ಲಿ ಕೂತಾಗ, 'ಡೆಸ್ ಒಂದು ಕಾಲದಲ್ಲಿ ಎರಡು ಟಗರು ಎರಡು ಕಂಕುಳಲ್ಲಿ ಎತ್ತಿದೋನು' ಅಂತ ಈಗ್ಲೂ ಹೇಳ್ತಾರೆ.

ಅಷ್ಟೇ. ಹೇಳಿಬಿಟ್ಟೆ. ಎಲ್ಲ ಹೇಳಿಬಿಟ್ಟೆ. ಅದಕ್ಕೇ ಹೇಳಿದ್ದು, ತಪ್ಪು ನಿನ್ನದಲ್ಲ, ನಂದು. ನಾನೇ ಇವತ್ತು ವಿಭಾಗದ ಆಫೀಸಿಗೆ ಬರೀತೀನಿ, ಬೆನ್ನಿನ ವಿಷಯ ಬಚ್ಚಿಟ್ಟಿದ್ದೆ, ಪಕ್ಕ ನಿಲ್ಲಲಿಲ್ಲ ಅಂತ. ನೀನು ಈ ಕಾಗದ ಹರಿದು ಹಾಕು, ಬೀಗದಕೈ ಜೇಬಿಗೆ ಹಾಕ್ಕೊ, ನಾಳೆಯಿಂದ ಬಾ. ಕೈ ವಾಸಿ ಆದ್ಮೇಲೆ ಮತ್ತೆ ಕ್ಲಾರಿ ಮೇಲೆ ಅಭ್ಯಾಸ ಮಾಡಿದ್ರಾಯ್ತು.

ಏನು? ಏನಾದ್ರೂ ಅನ್ನು. ಬೈಯಿ ಬೇಕಾದ್ರೆ.

ಕುರ್ಚಿ ಕಡೆ ಯಾಕೆ ನೋಡ್ತೀಯ?

ಅವನು ಕ್ಲಾರಿ ಕಣಮ್ಮ. ನೋಡಿಲ್ವಾ ಅವನನ್ನ? ಈ ಕಡೆ ನೋಡು. ಟೀ… ಟೀ ಆರೋಯ್ತು, ಬೇರೆ ಹಾಕ್ತೀನಿ ಇರು.

ಬೆಳಿಗ್ಗೆ? ಹೌದು, ಬೆಳಿಗ್ಗೆ ಕೂರಿಸ್ದೆ ಅಂದೆ. ನಾನೇ… ಅಲ್ಲ, ಬೆರಿಲ್ ಕೈ ಹಾಕಿದ್ಲು. ಇಬ್ರೂ ಸೇರಿ ಎತ್ತಿದ್ವಿ.

…ಬೆರಿಲ್ ನಿನ್ನೇನೇ ಹೋದ್ಲು ಅಂದ್ನಾ? ಅಂದೆ. ಹೌದು, ಅಂದೆ.

ಹಾಗೆ ನೋಡಬೇಡ ಟೆಗನ್. ಬಾಯಿ ಬಿಟ್ಟು ಕೇಳಿಬಿಡು, ಹತ್ತು ಕಿಲೋ ಎತ್ತಬಾರದೋನು ತೊಂಬತ್ತು ಕಿಲೋ ಹ್ಯಾಗೆ ಎತ್ತಿದೆ ಅಂತ ಕೇಳು, ನಾನು ಏನೋ ಒಂದು… ಎಳೆದೆ. ಎಳೆದು ಕೂರಿಸ್ದೆ. ಕುರ್ಚಿ ಒರಗಿಸಿ ಹೀಗೆ ನೂಕಿ… ಎಲ್ಲಿಗೆ ಹೋಗ್ತೀಯ? ಬೇಡ. ಅವನನ್ನ ಮುಟ್ಟಬೇಡ, ನಿನ್ನ ಕೈ ನೋವು! ಡಾಕ್ಟ್ರು ಏನಂದಿದಾರೆ ನಿಂಗೆ? ಟೆಗನ್! ಆ ಕೈಯಲ್ಲಿ ಆಗಲ್ಲ ಕಣಮ್ಮ…

ಎಡಗೈ.

ಎಡಗೈಯೊಂದ್ರಲ್ಲೇ ಎತ್ತಿಬಿಟ್ಯಲ್ಲ.

ಕಂಕುಳಲ್ಲಿ ಸಿಕ್ಕಿಸ್ಕೊಂಡು, ಹಿಟ್ಟಿನ ಚೀಲದ ಥರ… ಇಳಿಸು. ಇಳಿಸಮ್ಮ, ದಮ್ಮಯ್ಯ. ಆ ಕಡೆ ಬೇಡ. ಆ ತಕ್ಕಡಿ ಕೆಟ್ಟಿದೆ, ಉಣ್ಣೆ ಮೂಟೆ ತೂಗ್ತಿದ್ದ ಹಳೇ ತಕ್ಕಡಿ ಅದು, ಸರಿಯಾಗಿ ತೋರಿಸಲ್ಲ, ಅದರ ಮೇಲೆ ಯಾಕೆ…

ಕೂರಿಸಿಬಿಟ್ಟೆ.

ಮುಳ್ಳು ನೋಡೋದು ಬೇಡ. ಅದು ಒಂಚೂರು ಅಲ್ಲಾಡತ್ತೆ, ಆಮೇಲೆ ಮೂವತ್ತೊಂದರ ಹತ್ರ ನಿಲ್ಲತ್ತೆ. ಮೂವತ್ತೊಂದು. ನಿನ್ನ ಪರೀಕ್ಷೆ ಹಿಂದಿನ ದಿನ ನಾನೇ ತೂಗಿದ್ದೆ.

ಉಣ್ಣೆ. ಒಳಗಿರೋದು ಉಣ್ಣೆ. ಕೊಟ್ಟಿಗೇಲಿ ಕಸದ ಉಣ್ಣೆ ಬಿದ್ದಿತ್ತು, ಅದನ್ನೇ ತುಂಬಿಸ್ದೆ. ಗೋಧಿ ಬರೀ ಕಾಲಿಗೆ ಹಾಕ್ದೆ, ಯಾರಾದ್ರೂ ಎಳೆದ್ರೆ ಸರಸರ ಅಂತ ಸದ್ದು ಬರ್ಲಿ ಅಂತ. ಗೋಧಿ ಚೀಲ ಹೊತ್ತು ತರೋಕೆ ನನ್ನ ಬೆನ್ನಿಗೆ ಆಗ್ಲಿಲ್ಲ, ಯಾರನ್ನಾದ್ರೂ ಕರೆಯೋಕೆ ಬಾಯಿ ಬರ್ಲಿಲ್ಲ. ಮುಂದಿನ ವಾರ ಸರಿ ಮಾಡ್ತೀನಿ, ಸದ್ಯಕ್ಕೆ ಇರ್ಲಿ ಅಂದ್ಕೊಂಡೆ. ಶನಿವಾರ ಪರೀಕ್ಷೆ ಬಂತು, ನಾನೂ ಎತ್ತಿದೆ, ಹಲಗೆಯೋನು ಟಿಕ್ ಹಾಕ್ದ, ಎಲ್ರೂ ಚಪ್ಪಾಳೆ ಹೊಡೆದ್ರು. ಆ ಮುಂದಿನ ವಾರ ಬರ್ಲೇ ಇಲ್ಲ ಕಣಮ್ಮ. ಅಷ್ಟರಲ್ಲಿ ನೀನು ಬಂದೆ, ಹಿಟ್ಟು ಮೆತ್ಕೊಂಡು. ಉಳಿದೋರಿಗೆಲ್ಲ ಹಳೇ ಕ್ಲಾರಿ ಗೊತ್ತಿತ್ತು. ನಿಂಗೊಬ್ಬಳಿಗೇ ಇವನು; ನೀನು ಅಲ್ಲೀವರೆಗೆ ಎತ್ತಿದ ರೋಗಿಗಳೂ ಸಣಕಲು ಮುದುಕರೇ. ಇವನೇ ತೊಂಬತ್ತು ಕಿಲೋ ಅಂತ ನಾನು ಹೇಳಿದ್ದನ್ನ ನೀನು ನಂಬ್ದೆ.

ಮೇಜಿನ ಹತ್ರ ಯಾಕೆ ಬಂದೆ ಟೆಗನ್?

ಕಾಗದಾನ? ನನ್ನ ಮುಂದೆ ಯಾಕೆ ಇಡ್ತೀಯ, ಸಹಿ ಹಾಕಲ್ಲ ಅಂದ್ನಲ್ಲ… ಓ. ಮಗುಚಿ ಇಡ್ತಿದೀಯ. ಖಾಲಿ ಪುಟ.

ಪೆನ್ನು ಕೊಡು. ಎಲ್ಲ ಬರೀತೀನಿ. ಎಲ್ಲಿಂದ ಶುರು ಮಾಡ್ಲಿ? ಇಲಿಗಳಿಂದ ಮಾಡ್ಲಾ? ಅವು ಬಂದಿದ್ದಕ್ಕೇ ಅಲ್ವಾ ಇದೆಲ್ಲ…

ಸರಿ. ಇಲಿ ಬೇಡ. ನನ್ನಿಂದಾನೇ ಶುರು ಮಾಡ್ತೀನಿ.